ನಿದ್ದೆಗೆಟ್ಟ ದುಡಿಮೆ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರು ಕೂಡಿ ಏರ್ಪಡಿಸಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯಲ್ಲಿ ನಾವು ನಿದ್ರೆಯ ವಿಷಯ ಮಾತಾಡುತ್ತೇವೆಂದು ತಿಳಿದೊಡನೆ ಸ್ನೇಹಿತರೊಬ್ಬರು ನಕ್ಕುಬಿಟ್ಟರು. "ಭಾಷಣ ಕೇಳುತ್ತ ಜನ ತಾವಾಗಿಯೇ ನಿದ್ದೆ ಮಾಡುತ್ತಾರೆ, ಅದಕ್ಕೆ ಬೇರೆ ಉಪದೇಶ ಏತಕ್ಕೆ?" ಎಂದರು. ಅವರ ಮಾತು ಸುಳ್ಳಲ್ಲ. ಹಿಂದಿನ ಸಾಲಿನಲ್ಲಿ ಈಗಾಗಲೇ ಇಬ್ಬರು ಮೂವರು ಗೋಡೆಗೊರಗಿ ತೂಕಡಿಸುತ್ತಿರುವುದು ನಮಗೆ ಇಲ್ಲಿಂದಲೇ ಕಾಣುತ್ತಿದೆ. ದಯವಿಟ್ಟು ಅವರನ್ನು ಯಾರೂ ಎಬ್ಬಿಸಬೇಡಿರಿ. ಶನಿವಾರದ ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ಅವರು. ಅವರ ತೂಕಡಿಕೆಯೇ ಇಂದಿನ ನಮ್ಮ ವಿಷಯ.

ಮೊದಲಿಗೆ ಒಂದು ಹಳೆಯ ಸಂಗತಿ ಹೇಳಬೇಕು. ನಾವೂ ಗಿರಣಿಯಲ್ಲಿ ದುಡಿಯುತ್ತಿದ್ದ ಕಾಲ. ನಮ್ಮ ಪಕ್ಕದ ಯಂತ್ರದ ಮೇಲೆ ಒಬ್ಬ ಗೆಳೆಯನಿದ್ದ. ಅವನ ಹೆಸರು ಬೇಡ, ಅವನ ಮಕ್ಕಳು ಈಗಲೂ ಇದೇ ಊರಿನಲ್ಲಿದ್ದಾರೆ. ಒಂದು ದಿನ ಬದಲಿಯವನು ಬಾರದೆ ಹೋದದ್ದರಿಂದ ಅವನು ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಪಾಳಿಗೂ ನಿಂತ. ಮನೆಯಲ್ಲಿ ಮಗುವಿಗೆ ಜ್ವರ. ಅದಕ್ಕೂ ಹಿಂದಿನ ಎರಡು ರಾತ್ರಿ ಅವನು ಸರಿಯಾಗಿ ಮಲಗಿರಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಕಾರ್ಡಿಂಗ್ ಯಂತ್ರಕ್ಕೆ ಅಂಟಿಕೊಂಡ ಹತ್ತಿಯನ್ನು ತೆಗೆಯಲು ಕೈ ಹಾಕಿದ. ಯಂತ್ರವನ್ನು ನಿಲ್ಲಿಸಿದ್ದೇನೆಂದೇ ಅವನ ಮನಸ್ಸಿನಲ್ಲಿತ್ತು. ನಿಲ್ಲಿಸಿರಲಿಲ್ಲ. ಬಲಗೈಯ ಎರಡು ಬೆರಳು ಹೋದವು.

ಮರುದಿನ ವರದಿ ತಯಾರಾಯಿತು. ಅಪಘಾತದ ಕಾರಣ ಎಂಬಲ್ಲಿ "ಕೆಲಸಗಾರನ ಅಜಾಗರೂಕತೆ" ಎಂದು ಬರೆದಿದ್ದರು. ಆ ಮನುಷ್ಯ ಎಷ್ಟು ತಾಸಿನಿಂದ ಎಚ್ಚರವಾಗಿದ್ದನೆಂದು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಸಾಕ್ಷಿಗಳೆಂದು ಕೆಳಗೆ ರುಜು ಹಾಕಿದವರಲ್ಲಿ ನಾವೂ ಒಬ್ಬರು. ಅಂದು ನಮಗೂ ಅದು ಅಜಾಗರೂಕತೆ ಎಂದೇ ತೋರಿತ್ತು. ಈ ವಿಷಯವನ್ನು ಓದುತ್ತ, ಬಲ್ಲ ಡಾಕ್ಟರುಗಳನ್ನು ಕೇಳುತ್ತ ಹೋದ ಮೇಲೆ ಆ ರುಜುವಿನ ನೆನಪು ನಮ್ಮನ್ನು ಚುಚ್ಚತೊಡಗಿತು. ನಾವು ವೈದ್ಯರಲ್ಲ. ತಿಳಿದುಕೊಂಡದ್ದನ್ನು ನಮ್ಮವರ ಮುಂದೆ ಇಡುವುದಷ್ಟೇ ನಮ್ಮ ಕೆಲಸ.

ನಿದ್ರೆಯಲ್ಲಿ ನಡೆಯುವುದೇನು?

ಮಲಗಿದವನು ಏನೂ ಮಾಡುತ್ತಿಲ್ಲವೆಂದು ನಾವು ತಿಳಿದಿದ್ದೇವೆ. ನಿದ್ದೆಬಡುಕ, ಸೋಮಾರಿ, ಕುಂಭಕರ್ಣ ಎಂದು ಬೈಯುವುದು ನಮ್ಮ ರೂಢಿ. ಆದರೆ ಹಿಂದಿನವರಿಗೆ ನಿದ್ರೆಯ ಬೆಲೆ ಗೊತ್ತಿತ್ತು. ಚರಕ ಸಂಹಿತೆಯು ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಆಧಾರಗಳನ್ನು ಎಣಿಸುವಾಗ ಆಹಾರದ ಜೊತೆಗೇ ನಿದ್ರೆಯನ್ನೂ ಸೇರಿಸಿದೆ.

ಗಿರಣಿಯ ಯಂತ್ರವನ್ನು ವಾರಕ್ಕೊಮ್ಮೆ ನಿಲ್ಲಿಸಿ ಒರೆಸುತ್ತಾರೆ, ಎಣ್ಣೆ ಬಿಡುತ್ತಾರೆ, ಸವೆದ ಪಟ್ಟಿ ಬದಲಾಯಿಸುತ್ತಾರೆ. ಆ ಹೊತ್ತಿನಲ್ಲಿ ನೂಲು ಬರುವುದಿಲ್ಲ, ನಿಜ. ಆದರೂ ಅದನ್ನು ನಷ್ಟವೆಂದು ಯಾವ ಮಾಲೀಕನೂ ಬರೆಯುವುದಿಲ್ಲ. ದೇಹಕ್ಕೆ ಇಂಥ ದುರಸ್ತಿಯ ಹೊತ್ತು ಪ್ರತಿ ರಾತ್ರಿಯೂ ಬೇಕು. ಆಳವಾದ ನಿದ್ರೆಯಲ್ಲಿ ರಕ್ತದೊತ್ತಡ ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ಮಕ್ಕಳನ್ನು ಬೆಳೆಸುವ, ದೊಡ್ಡವರಲ್ಲಿ ಸವೆದ ಮಾಂಸಖಂಡವನ್ನು ಸರಿಪಡಿಸುವ ರಸದ ಬಹುಭಾಗ ಒಸರುವುದು ಆಗಲೇ. ಹಗಲಿನಲ್ಲಿ ಕಲಿತದ್ದನ್ನು ಮಿದುಳು ನೆಲೆಗೊಳಿಸುವುದೂ ನಿದ್ರೆಯಲ್ಲಿಯೇ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಇಬ್ಬರು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಆಗಾಗ ಬಿರುಸಾಗಿ ಓಡಾಡುವುದನ್ನು ಕಂಡು ವಿವರಿಸಿದರು. ಕನಸು ಹೆಚ್ಚಾಗಿ ಬೀಳುವ ನಿದ್ರೆ ಅದು. ಹಗುರ ನಿದ್ರೆ, ಆಳ ನಿದ್ರೆ, ಕನಸಿನ ನಿದ್ರೆ ಹೀಗೆ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ರಾತ್ರಿಗೆ ಇಂಥ ನಾಲ್ಕೈದು ಸುತ್ತುಗಳಾದರೆ ಬೆಳಿಗ್ಗೆ ಮೈ ಹಗುರ. ಇಡೀ ರಾತ್ರಿ ಕಣ್ಣು ಮುಚ್ಚಿಕೊಂಡೇ ಇದ್ದರೂ ನಡುನಡುವೆ ಎಚ್ಚರಾಗುವವನು ದಣಿದೇ ಏಳುವುದು ಈ ಸುತ್ತುಗಳು ಕಡಿದುಹೋಗುವುದರಿಂದ.

ಎಷ್ಟು ನಿದ್ರೆ ಬೇಕು? ವಯಸ್ಸಿಗೆ ಬಂದವರಿಗೆ 7 ಗಂಟೆಗೆ ಕಡಿಮೆಯಾಗಬಾರದೆಂದು ಈ ಶಾಸ್ತ್ರದ ತಜ್ಞರು 2015ರಲ್ಲಿ ಒಮ್ಮತದಿಂದ ಹೇಳಿದರು. ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ ಬೇಕು. "ನನಗೆ ಐದು ಗಂಟೆ ಸಾಕಪ್ಪ" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ನಿಜವಾಗಿ ಅಷ್ಟರಲ್ಲೇ ಸಾಕಾಗುವವರು ಅಪರೂಪ. ಉಳಿದವರು ಸಾಲದ ಮೇಲೆ ನಡೆಯುತ್ತಿರುವವರು.

ಸಾಲ ಹೇಗೆ ಬೆಳೆಯುತ್ತದೆ?

ನಿದ್ರೆ ಬರಿಸುವ ಶಕ್ತಿಗಳು ಎರಡು. ಎಚ್ಚರವಾಗಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ರೆಪ್ಪೆ ಭಾರವಾಗುತ್ತದೆ. ಚಹಾ ಕಾಫಿಗಳಲ್ಲಿರುವ ಕೆಫೀನ್ ಈ ಅಡಿನೋಸಿನ್ ತನ್ನ ಜಾಗದಲ್ಲಿ ಕೂರದಂತೆ ಅಡ್ಡ ನಿಲ್ಲುತ್ತದೆ. ಸಾಲಗಾರ ಬಂದು ಬಾಗಿಲು ಬಡಿಯುವಾಗ ಒಳಗಿನಿಂದ ಅಗಳಿ ಹಾಕಿಕೊಂಡಂತೆ ಇದು. ಬಡಿಯುವ ಸದ್ದು ಕೇಳಿಸದಿರಬಹುದು, ಸಾಲ ಮಾತ್ರ ತೀರುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 5ರಿಂದ 6 ಗಂಟೆ ಬೇಕು. ರಾತ್ರಿ ಎಂಟಕ್ಕೆ ಲೆಕ್ಕದ ಪುಸ್ತಕದ ಮುಂದೆ ಕುಳಿತು ಕುಡಿದ ಕಾಫಿ ನಡುರಾತ್ರಿ ಒಂದು ಗಂಟೆಗೂ ನಿಮ್ಮೊಳಗೆ ಅರ್ಧದಷ್ಟು ಉಳಿದಿರುತ್ತದೆ.

ಎರಡನೆಯದು ಮೈಯೊಳಗಿನ ಗಡಿಯಾರ. ಮಿದುಳಿನಲ್ಲಿ, ಕಣ್ಣಿನ ನರಗಳು ಹಾಯುವ ಜಾಗದ ಮೇಲ್ಗಡೆ ಇರುವ ಒಂದು ಸಣ್ಣ ಜೀವಕೋಶಗಳ ಗುಂಪು ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಬೆಳಕು ಬಿದ್ದಾಗ ಎಚ್ಚರ, ಕತ್ತಲಾದಾಗ ಮೆಲಟೋನಿನ್ ಎಂಬ ರಸ ಹರಿದು ನಿದ್ರೆ. ಇಂಥ ಗಡಿಯಾರ ಜೀವಿಗಳಲ್ಲಿ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣಗಳಲ್ಲಿ ಹುಡುಕಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಗಿರಣಿಯ ಭೋಂಗಾ ಕೂಗಿದ ಮಾತ್ರಕ್ಕೆ ಈ ಗಡಿಯಾರದ ಮುಳ್ಳು ತಿರುಗುವುದಿಲ್ಲ. ಅದು ಸೂರ್ಯನ ಮಾತು ಕೇಳುತ್ತದೆ. ಆದುದರಿಂದಲೇ ರಾತ್ರಿ ಪಾಳಿಯವನಿಗೆ ದುಡಿಯುವಾಗ ನಿದ್ದೆ, ಮಲಗಿದಾಗ ಎಚ್ಚರ. ವರ್ಷಗಟ್ಟಲೆ ರಾತ್ರಿ ದುಡಿದರೂ ಹೆಚ್ಚಿನವರ ಗಡಿಯಾರ ಪೂರ್ತಿ ತಿರುಗಿ ಹೊಂದಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಯಿಸಿದರಂತೂ ಅದಕ್ಕೆ ದಿಕ್ಕೇ ತೋಚದು.

ಬೆಳಗಿನ ಜಾವ ಎರಡರಿಂದ ಆರರವರೆಗೆ ಮೈಯ ಶಾಖ ಇಳಿದಿರುತ್ತದೆ, ಎಚ್ಚರ ಅತ್ಯಂತ ಕೆಳಗೆ ಹೋಗಿರುತ್ತದೆ. ಲೋಕಕ್ಕೆ ಗೊತ್ತಿರುವ ದೊಡ್ಡ ಅಪಘಾತಗಳ ಗಂಟೆ ನೋಡಿರಿ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಕೆಟ್ಟದ್ದು ಆರಂಭವಾದುದು ಬೆಳಗಿನ ನಾಲ್ಕಕ್ಕೆ. ಚೆರ್ನೋಬಿಲ್‌ನಲ್ಲಿ 1986ರ ಏಪ್ರಿಲ್ 26ರಂದು ಸ್ಥಾವರ ಸಿಡಿದದ್ದು ರಾತ್ರಿ 1 ಗಂಟೆ 23 ನಿಮಿಷಕ್ಕೆ. ನಿದ್ರೆಯ ಕೊರತೆಯೊಂದೇ ಇವಕ್ಕೆಲ್ಲ ಕಾರಣವೆಂದರೆ ತಪ್ಪಾದೀತು. ಯಂತ್ರದ ದೋಷವಿತ್ತು, ತರಬೇತಿಯ ಕೊರತೆಯಿತ್ತು. ಆದರೆ ಕೆಟ್ಟ ಯಂತ್ರವನ್ನು ತಿದ್ದಲು ಚುರುಕಾದ ಬುದ್ಧಿ ಬೇಕಾದ ಆ ಹೊತ್ತಿನಲ್ಲೇ ಮನುಷ್ಯನ ಬುದ್ಧಿ ಅತಿ ಮಂದವಾಗಿರುತ್ತದೆಂಬುದನ್ನು ಮರೆಯುವಂತಿಲ್ಲ.

ಕುಡಿಯದೆಯೇ ಅಮಲು

ಇನ್ನೊಂದು ಲೆಕ್ಕ ಕೇಳಿರಿ. ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಒಂದೇ ಗುಂಪಿನ ಜನರನ್ನು ಒಂದು ಸಲ ಹೊತ್ತುಗಟ್ಟಲೆ ಎಚ್ಚರವಿಟ್ಟು, ಇನ್ನೊಂದು ಸಲ ಮದ್ಯ ಕುಡಿಸಿ, ಕೈ ಮತ್ತು ಕಣ್ಣಿನ ಹೊಂದಾಣಿಕೆಯನ್ನು ಪರೀಕ್ಷಿಸಿದರು. 17 ಗಂಟೆ ಎಚ್ಚರವಾಗಿದ್ದವನ ಕೈ, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿದ್ದವನ ಕೈಯಷ್ಟೇ ತಪ್ಪುತ್ತಿತ್ತು. 24 ಗಂಟೆ ಎಚ್ಚರವಾಗಿದ್ದವನು ಸುಮಾರು 100 ಮಿಲಿಗ್ರಾಂ ಮದ್ಯವಿದ್ದವನಿಗೆ ಸಮನಾದ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ 30 ಮಿಲಿಗ್ರಾಂ ಮೀರಿದರೆ ಚಾಲಕನನ್ನು ಶಿಕ್ಷಿಸುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಬೈಕು ಏರಿದರೆ 17 ಗಂಟೆ ಆಗಿಯೇ ಹೋಯಿತು. ಅವನ ಬಾಯಿ ವಾಸನೆ ಬರುವುದಿಲ್ಲ, ಪೊಲೀಸರ ಕೊಳವೆಗೆ ಅವನು ಸಿಕ್ಕುವುದಿಲ್ಲ.

ಅತಿಯಾಗಿ ದಣಿದ ಮಿದುಳು ಕಣ್ಣು ತೆರೆದಂತೆಯೇ ಮೂರು ನಾಲ್ಕು ಸೆಕೆಂಡು ಮಲಗಿಬಿಡುತ್ತದೆ. ಮಲಗಿದ್ದವನಿಗೇ ಅದು ತಿಳಿಯುವುದಿಲ್ಲ. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿ ಮೂರು ಸೆಕೆಂಡಿನಲ್ಲಿ 50 ಮೀಟರು ಹೋಗುತ್ತದೆ. ಓಡುವ ಯಂತ್ರದ ಮುಂದೆ ಮೂರು ಸೆಕೆಂಡು ಎಂದರೆ ಎಷ್ಟೆಂದು ನಮ್ಮ ಆ ಗೆಳೆಯನ ಕೈ ಹೇಳುತ್ತದೆ.

ಇನ್ನು ಅಲ್ಪಸ್ವಲ್ಪ ಕೊರತೆ ಏನು ಮಾಡೀತು ಎಂದು ಕೇಳಬಹುದು. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರನ್ನು 14 ದಿನ ರಾತ್ರಿಗೆ 6 ಗಂಟೆ ಮಾತ್ರ ಮಲಗಲು ಬಿಟ್ಟರು. ದಿನದಿಂದ ದಿನಕ್ಕೆ ಅವರ ಗಮನ ಕುಗ್ಗುತ್ತ ಹೋಗಿ, ಕೊನೆಗೆ ಇಡೀ ರಾತ್ರಿ ಜಾಗರಣೆ ಮಾಡಿದವರ ಮಟ್ಟಕ್ಕೆ ಇಳಿಯಿತು. ಅದಕ್ಕಿಂತಲೂ ಮುಖ್ಯವಾದುದು, ತಮಗೆ ಇಷ್ಟು ಕೆಟ್ಟಿದೆಯೆಂದು ಅವರಿಗೇ ಅನ್ನಿಸಲಿಲ್ಲ. "ನನಗೆ ರೂಢಿಯಾಗಿಬಿಟ್ಟಿದೆ" ಎಂದು ನಾವು ಹೇಳುವ ಮಾತಿನ ಒಳಗುಟ್ಟು ಇದೇ. ರೂಢಿಯಾಗುವುದು ದಣಿವಿನ ಅನಿಸಿಕೆ. ಕೆಟ್ಟದ್ದು ಕೆಟ್ಟೇ ಇರುತ್ತದೆ.

ಮೈಗೆ ತಗಲುವ ಬೆಲೆಯೂ ಸಣ್ಣದಲ್ಲ. 1999ರಲ್ಲಿ 11 ಮಂದಿ ಗಟ್ಟಿಮುಟ್ಟಾದ ತರುಣರನ್ನು ಆರು ರಾತ್ರಿ 4 ಗಂಟೆ ಮಾತ್ರ ಮಲಗಿಸಿದಾಗ, ಅವರ ದೇಹ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿ, ಸಿಹಿಮೂತ್ರದ ಹೊಸ್ತಿಲಿಗೆ ಬಂದವರಂತಾಯಿತು. 2009ರಲ್ಲಿ 153 ಜನರ ಮೂಗಿಗೆ ನೆಗಡಿಯ ವಿಷಾಣು ಬಿಟ್ಟು ನೋಡಿದರು. 7 ಗಂಟೆಗೆ ಕಡಿಮೆ ಮಲಗುತ್ತಿದ್ದವರಿಗೆ, 8 ಗಂಟೆ ಮಲಗುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ನೆಗಡಿ ಹಿಡಿಯಿತು. ಬಹುಕಾಲ ನಿದ್ದೆಗೆಟ್ಟವರಲ್ಲಿ ರಕ್ತದೊತ್ತಡ, ಹೃದಯರೋಗ, ಬೊಜ್ಜು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ದುಡಿಮೆಯನ್ನು 2007ರಲ್ಲಿ, ಪುನಃ 2019ರಲ್ಲಿ, ಬಹುಶಃ ಕ್ಯಾನ್ಸರ್ ತರಬಲ್ಲದ್ದರ ಪಟ್ಟಿಗೆ ಸೇರಿಸಿತು. ಇದರರ್ಥ ರಾತ್ರಿ ದುಡಿದವರಿಗೆಲ್ಲ ಆ ರೋಗ ಬರುತ್ತದೆಂದಲ್ಲ. ಅಪಾಯ ಇರುವ ಕೆಲಸವೆಂದು ತಿಳಿದು ರಕ್ಷಣೆ ಕೊಡಬೇಕೆಂದು.

ಮನೆಯೊಳಗಿನ ಬೆಲೆಯನ್ನು ಯಾವ ಪ್ರಯೋಗಾಲಯವೂ ಅಳೆಯಬೇಕಾಗಿಲ್ಲ. ಹಗಲು ಮಲಗಿದ ತಂದೆಯ ಹತ್ತಿರ ಮಗು ನಕ್ಕರೆ ಏಟು ಬೀಳುತ್ತದೆ. ಮಾತಿಗೆ ಮಾತು ಬೆಳೆದು ಗಂಡಹೆಂಡಿರಲ್ಲಿ ಜಗಳವಾಗುತ್ತದೆ. ಗಿರಾಕಿಯ ಮೇಲೆ ಸಿಡುಕಿದ ಅಂಗಡಿಯವ ಮರುದಿನ ಆ ಗಿರಾಕಿಯನ್ನು ಎದುರಂಗಡಿಯಲ್ಲಿ ಕಾಣುತ್ತಾನೆ.

ನಿದ್ರೆ ಹೋದದ್ದೆಲ್ಲಿಗೆ?

ನಮ್ಮ ನಿದ್ರೆಯನ್ನು ಕಸಿದ ಕಥೆ ಹಳೆಯದು. ದೀಪವಿಲ್ಲದ ಕಾಲದಲ್ಲಿ ಬೊಂಬಾಯಿಯ ಬಟ್ಟೆ ಗಿರಣಿಗಳು ಸೂರ್ಯ ಹುಟ್ಟಿದಾಗ ತೆರೆದು ಮುಳುಗಿದಾಗ ಮುಚ್ಚುತ್ತಿದ್ದವು. ವಿದ್ಯುದ್ದೀಪ ಬಂದ ಮೇಲೆ, 1905ರ ಸುಮಾರಿಗೆ, ಕೆಲವು ಗಿರಣಿಗಳಲ್ಲಿ ದಿನದ ದುಡಿಮೆ 14-15 ಗಂಟೆಗೆ ಏರಿತು. ಅದೇ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಊರು ಸಂಭ್ರಮಿಸಿತು, ಅದು ಸರಿಯೇ. ಆದರೆ ಬೆಳಕು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಫಲ. ಗಿರಣಿಯ ಕೂಗು ಎದ್ದು 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ 11 ಗಂಟೆ, 1934ರಲ್ಲಿ 10 ಗಂಟೆ. ಡಾ. ಅಂಬೇಡ್ಕರರು ವೈಸರಾಯರ ಸಭೆಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ, 1946ರಲ್ಲಿ, ವಾರಕ್ಕೆ 48 ಗಂಟೆಯ ಮಿತಿ ಬಂತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಸ್ಥಿರಪಡಿಸಿತು. ಪ್ರತಿಯೊಂದು ಗಂಟೆಯನ್ನೂ ನಮ್ಮ ಹಿರಿಯರು ಸಂಪು ಹೂಡಿ, ಹಸಿದು, ಕೆಲಸ ಕಳೆದುಕೊಂಡು ತಂದದ್ದು. ಅವರು ಗೆದ್ದ ಗಂಟೆಗಳಲ್ಲಿ ಹೆಚ್ಚಿನವು ನಿದ್ರೆಯ ಗಂಟೆಗಳೇ.

ಈಗ ಮುಳ್ಳು ಹಿಂದಕ್ಕೆ ತಿರುಗುತ್ತಿದೆ. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ, ಕೆಲಸಗಾರನ ಒಪ್ಪಿಗೆಯ ಮೇಲೆ, ದಿನಕ್ಕೆ 12 ಗಂಟೆ ದುಡಿಸಿಕೊಳ್ಳಲು ದಾರಿ ಮಾಡಿತು. ಬಳಿಕ 2025ರ ನವೆಂಬರಿನಲ್ಲಿ 1948ರ ಕಾಯ್ದೆಯ ಜಾಗಕ್ಕೇ ಹೊಸ ಕಾರ್ಮಿಕ ಸಂಹಿತೆ ಬಂತು. ಕಾಯ್ದೆಯ ಹೆಸರು ಏನೇ ಇರಲಿ, ದಿನಕ್ಕೆ ಇರುವುದು 24 ಗಂಟೆಯೇ. ಲೆಕ್ಕ ಹಾಕೋಣ. ದುಡಿಮೆ 12 ಗಂಟೆ. ಹೋಗಿಬರಲು 2 ಗಂಟೆ. ಸ್ನಾನ, ಊಟ, ಅಡಿಗೆ, ನೀರು, ಸಂತೆ ಎಂದು 3 ಗಂಟೆ. ಮಕ್ಕಳ ಮುಖ ನೋಡಲು ಒಂದು ಗಂಟೆ. ಉಳಿದದ್ದು 6. ಆ ಪ್ರಯೋಗದ ಜನರನ್ನು 14 ದಿನದಲ್ಲಿ ಕೆಡಿಸಿದ ಆರು ಗಂಟೆ ಇದೇ. ವಾರದಲ್ಲಿ ಮೂರು ದಿನ ಬಿಡುವು ಕೊಡುತ್ತೇವೆ ಎನ್ನುತ್ತಾರೆ. ಆದರೆ ಹನ್ನೊಂದನೆಯ, ಹನ್ನೆರಡನೆಯ ಗಂಟೆಯಲ್ಲಿ ಯಂತ್ರಕ್ಕೆ ಸಿಕ್ಕಿದ ಕೈಗೆ ಭಾನುವಾರದ ಬಿಡುವಿನಿಂದ ಬೆರಳು ಚಿಗುರುವುದಿಲ್ಲ. ಒಪ್ಪಿಗೆಯ ಮಾತೂ ಅಷ್ಟೇ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎನ್ನುವವನ ಒಪ್ಪಿಗೆ ಎಂಥದೆಂದು ಇಲ್ಲಿರುವ ಬದಲಿ ಕೆಲಸಗಾರರಿಗೆ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ಗಿರಣಿಯ ಗೇಟಿನ ಮೇಲೆ ಹೊರಿಸಿ ಕುಳಿತುಕೊಳ್ಳುವಂತಿಲ್ಲ. ನಲ್ಲಿಯಲ್ಲಿ ನೀರು ಬರುವುದು ನಡುರಾತ್ರಿ ಎರಡಕ್ಕೋ ಮೂರಕ್ಕೋ. ಕೊಡ ಹಿಡಿದು ಕಾಯುವವರು ನಮ್ಮ ತಾಯಂದಿರು. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರೂ ಅವರೇ. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಹೊದ್ದು ಮಲಗುತ್ತಾನೆ. ಅದೇ ಪಾಳಿ ಮುಗಿಸಿ ಬಂದ ಹೆಂಗಸು ಒಲೆ ಹೊತ್ತಿಸುತ್ತಾಳೆ. ಈ ಲೆಕ್ಕವನ್ನು ತಿದ್ದಲು ಯಾವ ಕಾಯ್ದೆಯೂ ಬೇಕಿಲ್ಲ, ನಮ್ಮ ಗಂಡಸರು ಎದ್ದರೆ ಸಾಕು. ಹೊತ್ತು ಗೊತ್ತಿಲ್ಲದ ಧ್ವನಿವರ್ಧಕಗಳಿವೆ. ಕೈಯಲ್ಲಿ ಮೊಬೈಲಿದೆ, ಐದು ನಿಮಿಷ ಎಂದು ಹಿಡಿದದ್ದು ಒಂದು ಗಂಟೆ ತಿಂದುಹಾಕುತ್ತದೆ.

ವ್ಯಾಪಾರಿಯ ಎಚ್ಚರ

ಅಂಗಡಿಯ ಮಿತ್ರರ ಸಂಕಟ ಬೇರೆ ಬಗೆಯದು. ಕಾರ್ಮಿಕನಿಗೆ ನಿದ್ರೆಯಿದೆ, ಮಲಗಲು ಹೊತ್ತಿಲ್ಲ. ವ್ಯಾಪಾರಿ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದಾನೆ, ನಿದ್ರೆಯಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ತಿರುವಿ ಹಾಕಿದರೆ ಇವರ ಪಾಡು. ತರಕಾರಿಯವನು ಮೂರೂವರೆಗೆ ಮಂಡಿಗೆ ಹೋಗಬೇಕು. ಹೋಟೆಲಿನವನು ನಾಲ್ಕಕ್ಕೆ ಇಡ್ಲಿಯ ಒಲೆ ಹಚ್ಚಬೇಕು. ರಾತ್ರಿ ಮಲಗಿದರೆ ಉದ್ರಿ ಬಾಕಿ, ತಿಂಗಳ ಬಡ್ಡಿ, ಜಿ.ಎಸ್.ಟಿ. ಕಾಗದ, ಮಗಳ ಮದುವೆ ಇವೆಲ್ಲ ಒಂದರ ಹಿಂದೊಂದು ಸಾಲಾಗಿ ಬಂದು ನಿಲ್ಲುತ್ತವೆ. ಮಹಾಭಾರತದ ಉದ್ಯೋಗಪರ್ವದಲ್ಲಿ ನಿದ್ರೆ ಬಾರದ ಧೃತರಾಷ್ಟ್ರ ವಿದುರನನ್ನು ಕರೆಸುತ್ತಾನೆ. ಯಾರು ಯಾರಿಗೆ ನಿದ್ರೆ ಹತ್ತುವುದಿಲ್ಲವೆಂದು ವಿದುರ ಎಣಿಸುವಾಗ, ಕಳ್ಳನ ಜೊತೆಗೆ ಬಲಿಷ್ಠನ ಕೈಗೆ ಸಿಕ್ಕ ದುರ್ಬಲನನ್ನೂ ಸ್ವತ್ತು ಕಳೆದುಕೊಂಡವನನ್ನೂ ಹೇಳುತ್ತಾನೆ. ಅಂದಿನಿಂದ ಇಂದಿಗೆ ಆ ಪಟ್ಟಿ ಹೆಚ್ಚು ಬದಲಾಗಿಲ್ಲ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟು ಹಗಲಿನ ಕೆಲಸಕ್ಕೂ ಅಡ್ಡಿಯಾದರೆ ಅದನ್ನು ಡಾಕ್ಟರುಗಳು ಬೇರೂರಿದ ನಿದ್ರಾಹೀನತೆ ಎನ್ನುತ್ತಾರೆ. ಇಂಥವರಲ್ಲಿ ಅನೇಕರು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ನಿದ್ರೆಯ ಮಾತ್ರೆ ತಂದು ನುಂಗುತ್ತಾರೆ. ಮೊದಲು ಒಂದು, ತಿಂಗಳಾದ ಮೇಲೆ ಎರಡು. ಬಿಟ್ಟರೆ ಇದ್ದ ನಿದ್ರೆಯೂ ಇಲ್ಲ. ಇನ್ನು ಕೆಲವರು ಒಂದು ಕ್ವಾರ್ಟರು ಹಾಕಿ ಮಲಗುತ್ತಾರೆ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ರಾತ್ರಿಯ ಎರಡನೆಯ ಅರ್ಧದಲ್ಲಿ ಎಬ್ಬಿಸಿ ಕೂರಿಸುತ್ತದೆ. ಮಾತ್ರೆಗಿಂತ ಮೊದಲು ಅಭ್ಯಾಸವನ್ನೂ ಆಲೋಚನೆಯ ದಾರಿಯನ್ನೂ ತಿದ್ದುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು.

ನಮ್ಮ ಕೈಲಾಗುವುದು

ಅದರ ಸಾರ ಇಷ್ಟು. ಯಾವಾಗ ಮಲಗಿದರೂ ಏಳುವ ಗಂಟೆ ಒಂದೇ ಇರಲಿ. ಹಾಸಿಗೆಯಲ್ಲಿ ಲೆಕ್ಕ, ಊಟ, ಮೊಬೈಲು ಬೇಡ. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಹೊರಳಾಡುತ್ತ ಬಿದ್ದಿರದೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ರೆಪ್ಪೆ ಭಾರವಾದಾಗ ಮಾತ್ರ ಮರಳಿ ಮಲಗಬೇಕು. ಗಡಿಯಾರ ನೋಡಬಾರದು. ನಾಳೆಯ ಚಿಂತೆಗಳನ್ನು ಸಂಜೆಯೇ ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದು ಕೆಲಸ ಬರೆದಿಟ್ಟರೆ ರಾತ್ರಿ ಅವು ಅಷ್ಟಾಗಿ ಕಾಡುವುದಿಲ್ಲ. ಸಂಜೆಯ ಮೇಲೆ ಚಹಾ ಕಾಫಿ ಬೇಡ.

ರಾತ್ರಿ ಪಾಳಿಯವರಿಗೆ ಬೇರೆ ಕ್ರಮ. ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ ಚಹಾ. ಪಾಳಿಗೆ ಹೋಗುವ ಮುನ್ನ ಒಂದೂವರೆ ಗಂಟೆ ಮಲಗುವುದು ಬಹಳ ಒಳ್ಳೆಯದು. ಬಿಡುವಿನ ಹೊತ್ತಿನಲ್ಲಿ 20 ನಿಮಿಷ ಕಣ್ಣು ಮುಚ್ಚಿದರೂ ಉಪಯೋಗವಿದೆ. ಎದ್ದ ಮೇಲೆ ಮುಖ ತೊಳೆದು ಸ್ವಲ್ಪ ಓಡಾಡಿ ಯಂತ್ರಕ್ಕೆ ಹೋಗಬೇಕು. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕವೋ ತಲೆಗೆ ಟವೆಲ್ಲೋ ಇರಲಿ, ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರ ಎಚ್ಚರಾಗುತ್ತದೆ. ತೂಕಡಿಕೆ ಬಂದರೆ ಬೈಕು ಹತ್ತಬೇಡಿರಿ. ಜೊತೆಗಾರನ ಹಿಂದೆಯೂ ಬೇಡ, ಅವನೂ ನಿಮ್ಮಂತೆಯೇ ಎಚ್ಚರಿದ್ದವನು. ಬಸ್ಸಿನಲ್ಲಿ ಬನ್ನಿ. ಮನೆಗೆ ಬಂದೊಡನೆ ಹಗುರವಾಗಿ ತಿಂದು ಮಲಗಿಬಿಡಿ. ಕಿಟಕಿಗೆ ದಪ್ಪ ಕಂಬಳಿಯೋ ಕಪ್ಪು ಬಟ್ಟೆಯೋ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಒಂದೇ ಕೋಣೆಯ ಮನೆಯಾದರೆ ನೆರೆಯವರೊಂದಿಗೆ ಮಾತಾಡಿ, ಈ ಮನೆಯ ಮಕ್ಕಳು ಆ ಹೊತ್ತು ಆ ಮನೆಯಲ್ಲಿ ಆಡಲಿ. ನಾಳೆ ಅವರ ಪಾಳಿ ಬಂದಾಗ ನೀವು ನೋಡಿಕೊಳ್ಳಿ.

ಮೂರು ಗುರುತು ಕಂಡರೆ ಮಾತ್ರ ಮನೆಯ ಉಪಾಯ ಸಾಲದು, ಡಾಕ್ಟರಲ್ಲಿಗೆ ಹೋಗಲೇಬೇಕು. ಗೊರಕೆಯ ನಡುವೆ ಉಸಿರು ನಿಂತು ಏದುಸಿರಿನಿಂದ ಎಚ್ಚರಾಗುವುದು ಒಂದು. ಸಂಜೆಯಾದೊಡನೆ ಕಾಲಿನಲ್ಲಿ ಹರಿದಾಡಿದಂತಾಗಿ ಮಲಗಲಾಗದಿರುವುದು ಇನ್ನೊಂದು. ಇದು ಎಷ್ಟೋ ಸಲ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದರ ಲಕ್ಷಣ. ನಿದ್ರೆಯ ಜೊತೆಗೆ ಬದುಕಿನ ಮೇಲಿನ ಆಸೆಯೂ ಹೋಗುವುದು ಮೂರನೆಯದು. ಸಾಲದ ಹೊರೆಯಲ್ಲಿರುವ ನಮ್ಮ ವ್ಯಾಪಾರಿ ಬಂಧುಗಳಿಗೆ ಇದನ್ನು ಒತ್ತಿ ಹೇಳುತ್ತೇವೆ. ಅಂಥ ರಾತ್ರಿ ಒಬ್ಬರೇ ಕೂರಬೇಡಿರಿ. ಹೆಂಡತಿಯನ್ನಾಗಲಿ ಗೆಳೆಯನನ್ನಾಗಲಿ ಎಬ್ಬಿಸಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಎಂಬ ಸರಕಾರದ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ನಾವು ಕೂಡಿ ಕೇಳಬೇಕಾದುದು

ಕಿಟಕಿಗೆ ಕಂಬಳಿ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಯಾಗದು. ಕೆಲವನ್ನು ಒಟ್ಟಾಗಿಯೇ ಕೇಳಬೇಕು. ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ 11 ಗಂಟೆಯ ಬಿಡುವು ಇರಬೇಕು. ಯುರೋಪಿನ ದೇಶಗಳ ಒಕ್ಕೂಟ ಇದನ್ನು ನಿಯಮವಾಗಿಯೇ ಮಾಡಿದೆ. ಪಾಳಿ ಬದಲಾಯಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸಾಗಲಿ. ಹಿಂದಕ್ಕೆ ತಿರುಗಿಸಿದರೆ ಮೈ ಹೊಂದಿಕೊಳ್ಳುವುದು ಹೆಚ್ಚು ಕಷ್ಟ. ಡಬಲ್ ಪಾಳಿಯನ್ನು ಬಲವಂತವಾಗಿ ಹೇರಬಾರದು. ಬಿಡುವಿನಲ್ಲಿ ಮೈ ಚಾಚಲು ಒಂದು ಕೋಣೆ ಬೇಕು. ಪುರಸಭೆಯವರು ನೀರು ಬಿಡುವ ಗಂಟೆಯನ್ನು ಮುಂಚಿತವಾಗಿ ಸಾರಬೇಕು, ಆ ಗಂಟೆ ಮನುಷ್ಯರು ಎದ್ದಿರುವ ಹೊತ್ತಾಗಿರಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ; ಅದು ಎಲ್ಲ ಜಾತಿ, ಎಲ್ಲ ಮತ, ಎಲ್ಲ ಪಕ್ಷಗಳಿಗೂ ಒಂದೇ. ನಮ್ಮ ಪಕ್ಷದ ಸಭೆಗಳಿಗೂ ಕೂಡ.

ಅಂಗಡಿಯ ಮಿತ್ರರಲ್ಲಿ ಒಂದು ಬಿನ್ನಹ. ಎದುರಿನವನು ಮುಚ್ಚಲಿಲ್ಲವೆಂದು ನೀವು, ನೀವು ಮುಚ್ಚಲಿಲ್ಲವೆಂದು ಅವನು, ಹೀಗೆ ಹನ್ನೊಂದರ ತನಕ ಇಬ್ಬರೂ ಸೊಳ್ಳೆ ಹೊಡೆಯುತ್ತ ಕೂರುತ್ತೀರಿ. ಬೀದಿಯವರೆಲ್ಲ ಕೂಡಿ ಒಂದು ಗಂಟೆ ಗೊತ್ತುಮಾಡಿಕೊಂಡರೆ ಯಾರಿಗೂ ಗಿರಾಕಿ ತಪ್ಪುವುದಿಲ್ಲ. ನಿಮ್ಮ ಅಂಗಡಿಯ ಹುಡುಗನಿಗೂ ನಿದ್ರೆ ಬೇಕೆಂಬುದನ್ನು ಮರೆಯಬೇಡಿರಿ.

ಇವನ್ನೆಲ್ಲ ಕೇಳುವುದು ಭಿಕ್ಷೆಯಲ್ಲ. 2011ರ ಜೂನಿನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ನಡುರಾತ್ರಿ ಪೊಲೀಸರು ನುಗ್ಗಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಡುತ್ತ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ನೆಮ್ಮದಿಯಿಂದ ನಿದ್ರಿಸುವ ಹಕ್ಕೂ ಸೇರಿದೆಯೆಂದು ಹೇಳಿತು.

ಕೊನೆಯದಾಗಿ, ನಾವು ರುಜು ಹಾಕಿದ ಆ ಕಾಗದಕ್ಕೆ ಮರಳುತ್ತೇವೆ. ಅಪಘಾತದ ವರದಿಯಲ್ಲಿ ಇನ್ನು ಮುಂದೆ ಎರಡು ಪ್ರಶ್ನೆ ಸೇರಬೇಕೆಂದು ಸಂಘದ ವತಿಯಿಂದ ಕೇಳೋಣ. ಗಾಯಗೊಂಡವನು ಆಗ ಎಷ್ಟನೆಯ ಗಂಟೆಯ ದುಡಿಮೆಯಲ್ಲಿದ್ದ? ಹಿಂದಿನ ಪಾಳಿ ಮುಗಿದು ಎಷ್ಟು ಗಂಟೆಯಾಗಿತ್ತು? ಇವೆರಡಕ್ಕೂ ಉತ್ತರ ಬರೆಯುವ ತನಕ ಯಾವ ವರದಿಗೂ ನಮ್ಮವರು ಸಾಕ್ಷಿಯ ರುಜು ಹಾಕಬಾರದು. ಅಂದು ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ಈ ನಿರ್ಣಯವನ್ನು ಇಂದೇ ಸಭೆಯ ಮುಂದಿಡಬೇಕೆಂದು ಅಧ್ಯಕ್ಷರನ್ನು ಕೋರಿ, ನಮ್ಮ ಮಾತು ಮುಗಿಸುತ್ತೇವೆ. ಹಿಂದಿನ ಸಾಲಿನಲ್ಲಿ ಮಲಗಿರುವ ಬಂಧುಗಳನ್ನು ಮಾತ್ರ ಮೆಲ್ಲನೆ ಎಬ್ಬಿಸಿ, ಯಾರಾದರೂ ಮನೆಯ ತನಕ ಬಿಟ್ಟು ಬನ್ನಿರಿ.